ಕೊರಿಯಾದ ರವಿವಾರಗಳು

ದಕ್ಷಿಣ ಕೊರಿಯಾ ಎಂದೊಡನೆ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಟಿ.ವಿ., ಫ್ರಿಜ್ಜು, ಕಾರು. ಕಾಲೇಜಿನ ಹುಡುಗ ಹುಡುಗಿಯರಿಗೆ ಹಾಡು, ಕುಣಿತ, ಧಾರಾವಾಹಿ. ಏಳು ವರ್ಷಗಳಿಂದ ಇಲ್ಲಿ ನೆಲೆಸಿರುವ ನನಗೆ ಮಾತ್ರ ಮೊದಲು ಕಣ್ಣ ಮುಂದೆ ಬರುವುದು ಬೆಟ್ಟ. ರವಿವಾರ ಬೆಳಗಾಗುತ್ತಲೇ ಬೆನ್ನಿಗೆ ಚೀಲ ಏರಿಸಿಕೊಂಡು ಆ ಬೆಟ್ಟಗಳತ್ತ ಹೊರಡುವ ಜನ.

ಜೇವರ್ಗಿ ತಾಲ್ಲೂಕಿನ ಅಂದೋಲಾ ನನ್ನೂರು. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಕರಿ ಮಣ್ಣಿನ ಹೊಲ. ತೊಗರಿ, ಜೋಳ, ಹತ್ತಿ. ಇಲ್ಲಿ ಎತ್ತ ತಿರುಗಿದರೂ ಗುಡ್ಡ. ದಕ್ಷಿಣ ಕೊರಿಯಾದ ವಿಸ್ತೀರ್ಣ ಸುಮಾರು 1 ಲಕ್ಷ ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬೆಟ್ಟಗುಡ್ಡವೇ. ಉಳಿದ ಒಂದು ಪಾಲಿನಲ್ಲಿ ಐದು ಕೋಟಿಗೂ ಹೆಚ್ಚು ಜನ ಮನೆ, ಗದ್ದೆ, ಕಾರ್ಖಾನೆಗಳನ್ನು ಹೊಂದಿಸಿಕೊಂಡಿದ್ದಾರೆ.

ಓದಲು ಬಂದ ಹೊಸದರಲ್ಲಿ ಊರಿಗೆ ಫೋನ್ ಮಾಡಿದಾಗಲೆಲ್ಲ ಎರಡು ಪ್ರಶ್ನೆ ಕಟ್ಟಿಟ್ಟದ್ದು. ಅಪ್ಪನದು: ‘ತಮ್ಮಾ, ಐತಾರ ಬಂದ್ರ ಎಲ್ಲಿ ಹೊಂಟಿರ್ತಿ? ಓದ್ಲಾಕ ಕಳಿಸೀವಿ, ತಿರಗ್ಯಾಡ್ಲಾಕ ಅಲ್ಲ.’ ಅವ್ವನದು: ‘ಹೊಟ್ಟಿಗಿ ಏನ್ ತಿಂತಿ ಯಪ್ಪಾ?’ ಮಕ್ಕಳನ್ನು ದೂರ ಕಳಿಸಿದ ಎಲ್ಲ ತಂದೆ ತಾಯಿಯರ ಪ್ರಶ್ನೆಗಳೂ ಇವೇ ಇರಬೇಕು. ಈ ಬರಹ ಆ ಎರಡಕ್ಕೂ ಉತ್ತರ.

ಲೆಕ್ಕ ಉಳಿಸಿದ ಕೋಟೆ

ನಾನಿರುವುದು ರಾಜಧಾನಿ ಸೋಲ್ ನಗರದ ದಕ್ಷಿಣಕ್ಕಿರುವ ಸುವಾನ್ ಎಂಬ ಊರಿನಲ್ಲಿ. ಸೋಲ್‌ನ ಮೊದಲ ಮೆಟ್ರೊ ರೈಲು ಮಾರ್ಗ 1974ರ ಆಗಸ್ಟ್ 15ರಂದು ಆರಂಭವಾದಾಗಲೇ ಸುವಾನ್‌ವರೆಗೆ ವಿದ್ಯುತ್ ರೈಲು ಬಂತು. ಆಗಸ್ಟ್ 15 ಇವರಿಗೂ ಸ್ವಾತಂತ್ರ್ಯದ ದಿನ. 1945ರಲ್ಲಿ ಅದೇ ದಿನ ಜಪಾನಿನ ಆಳ್ವಿಕೆ ಕೊನೆಗೊಂಡಿತು.

ಸುವಾನ್ ನಡುವೆ ಹ್ವಾಸೊಂಗ್ ಎಂಬ ಕೋಟೆಯಿದೆ. ಜೊಂಗ್‌ಜೊ ಎಂಬ ಅರಸ 1794ರಿಂದ 1796ರ ಅವಧಿಯಲ್ಲಿ ಕಟ್ಟಿಸಿದ್ದು. ಗೋಡೆಯ ಸುತ್ತಳತೆ ಸುಮಾರು 5.7 ಕಿ.ಮೀ. ಅವಸರವಿಲ್ಲದೆ ನಡೆದರೆ ಎರಡು ಮೂರು ಗಂಟೆಯಲ್ಲಿ ಒಂದು ಸುತ್ತು. ನನ್ನ ಮೊದಲ ರವಿವಾರಗಳು ಕಳೆದದ್ದು ಈ ಗೋಡೆಯ ಮೇಲೆಯೇ. ಕಲಬುರಗಿ ಕೋಟೆಯನ್ನು ನೋಡಿ ಬೆಳೆದವನಿಗೆ ಈ ಕೋಟೆಯ ಗಾತ್ರ ಬೆರಗು ಹುಟ್ಟಿಸಲಿಲ್ಲ. ಬೆರಗು ಹುಟ್ಟಿಸಿದ್ದು ಅದರ ಲೆಕ್ಕದ ಪುಸ್ತಕ.

ಕೋಟೆ ಕಟ್ಟಿ ಮುಗಿದ ಮೇಲೆ 1801ರಲ್ಲಿ ಅದರ ಪೂರ್ತಿ ವರದಿಯನ್ನು ಅಚ್ಚು ಹಾಕಿಸಿದರು. ಯಾವ ಬುರುಜಿನ ನಕ್ಷೆ ಹೇಗೆ, ಕಲ್ಲೆಷ್ಟು, ಮರವೆಷ್ಟು, ಭಾರ ಎತ್ತಲು ಬಳಸಿದ ಯಂತ್ರ ಯಾವುದು, ಕೆಲಸ ಮಾಡಿದ ಕುಶಲಕರ್ಮಿಗಳ ಹೆಸರೇನು, ಅವರಿಗೆ ಕೊಟ್ಟ ಕೂಲಿ ಎಷ್ಟು ಎಲ್ಲವೂ ಅದರಲ್ಲಿವೆ. ಜಪಾನೀಯರ ಕಾಲದಲ್ಲಿ ಕೋಟೆ ಪಾಳು ಬಿತ್ತು. 1950ರಿಂದ 1953ರವರೆಗೆ ನಡೆದ ಯುದ್ಧದಲ್ಲಿ ಇನ್ನಷ್ಟು ಹಾಳಾಯಿತು. 1970ರ ದಶಕದಲ್ಲಿ ಸರಕಾರ ಆ ಪುಸ್ತಕವನ್ನು ಮುಂದಿಟ್ಟುಕೊಂಡು ಬಿದ್ದ ಭಾಗಗಳನ್ನು ಮೊದಲಿದ್ದಂತೆಯೇ ಎಬ್ಬಿಸಿತು. 1997ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆ ಬಿದ್ದರೂ ಲೆಕ್ಕ ಉಳಿದಿತ್ತು, ಆದ್ದರಿಂದ ಗೋಡೆ ಮರಳಿ ಬಂತು. ಇಂಜಿನಿಯರಿಂಗ್ ಓದುತ್ತಿದ್ದ ನನಗೆ ದಾಖಲೆ ಬರೆದಿಡುವುದು ಏಕೆ ಮುಖ್ಯ ಎಂಬುದನ್ನು ತರಗತಿಗಿಂತ ಚೆನ್ನಾಗಿ ತಿಳಿಸಿದ್ದು ಆ ಗೋಡೆಯೇ.

ಟಿಕೆಟ್ಟಿಲ್ಲದ ಬೆಟ್ಟ

ಸೋಲ್ ಒಂದು ಕೋಟಿಗೆ ಹತ್ತಿರ ಜನಸಂಖ್ಯೆಯ ಊರು. ಅದರ ಉತ್ತರದ ಅಂಚಿಗೇ ಒಂದು ರಾಷ್ಟ್ರೀಯ ಉದ್ಯಾನವಿದೆ: ಬುಖಾನ್‌ಸಾನ್. ಇವರ ಭಾಷೆಯಲ್ಲಿ ‘ಸಾನ್’ ಎಂದರೆ ಬೆಟ್ಟ. ಇದರ ತುತ್ತ ತುದಿ 836 ಮೀಟರ್ ಎತ್ತರದ ಬೋಳು ಕಲ್ಲುಬಂಡೆ. ಕೊನೆಯ ಏರಿನಲ್ಲಿ ಉಕ್ಕಿನ ಹಗ್ಗ ಹಿಡಿದು ಹತ್ತಬೇಕು. ಮೆಟ್ರೊ ಇಳಿದು, ಸ್ವಲ್ಪ ದೂರ ಬಸ್ಸಿನಲ್ಲಿ ಹೋದರೆ ಬೆಟ್ಟದ ಬುಡ ಸಿಗುತ್ತದೆ. 2007ರಿಂದ ಇಲ್ಲಿನ ರಾಷ್ಟ್ರೀಯ ಉದ್ಯಾನಗಳಿಗೆ ಪ್ರವೇಶ ಶುಲ್ಕವೇ ಇಲ್ಲ. ಒಂದು ರವಿವಾರದ ಖರ್ಚೆಂದರೆ ರೈಲು ಬಸ್ಸಿನ ದುಡ್ಡು ಮತ್ತು ಬುತ್ತಿ.

ಹತ್ತುವವರನ್ನು ನೋಡುವುದೇ ಒಂದು ಸೊಗಸು. ಗುಡ್ಡ ಚಿಕ್ಕದಿರಲಿ ದೊಡ್ಡದಿರಲಿ, ಹಿಮಾಲಯಕ್ಕೆ ಹೊರಟವರಂತೆ ಬಣ್ಣ ಬಣ್ಣದ ಅಂಗಿ, ಗಟ್ಟಿ ಬೂಟು, ಎರಡೂ ಕೈಯಲ್ಲಿ ಕೋಲು! ಎಪ್ಪತ್ತು ದಾಟಿದ ಅಜ್ಜಿಯರು ಮಾತಾಡುತ್ತ ನನ್ನನ್ನು ದಾಟಿ ಹೋಗುತ್ತಾರೆ. ನಾನು ಏದುಸಿರು ಬಿಡುತ್ತ ಬಂಡೆಗೆ ಒರಗಿದಾಗ ಅವರಲ್ಲೊಬ್ಬರು ಚೀಲದಿಂದ ಸೌತೆಕಾಯಿ ತೆಗೆದು ಅರ್ಧ ಮುರಿದು ಕೈಗಿಡುತ್ತಾರೆ. ಗುರುತಿಲ್ಲ, ಪರಿಚಯವಿಲ್ಲ. ಬೆಟ್ಟದ ಮೇಲೆ ತಂದದ್ದನ್ನು ಹಂಚಿ ತಿನ್ನುವುದು ಇಲ್ಲಿನ ರೂಢಿ. ತುದಿಯಲ್ಲಿ ಚಾಪೆ ಹಾಸಿ ಹತ್ತು ಜನ ಕುಳಿತು ಬುತ್ತಿ ಬಿಚ್ಚಿದಾಗ ನನಗೆ ನಮ್ಮ ಎಳ್ಳ ಅಮಾವಾಸ್ಯೆಯ ನೆನಪು. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ದಾರಿಯಲ್ಲಿ ಹೋಗುವವರನ್ನೂ ಕರೆದು ಭಜ್ಜಿ, ಸಜ್ಜಿ ರೊಟ್ಟಿ ಬಡಿಸುವುದಿಲ್ಲವೇ? ನಮಗೆ ವರ್ಷಕ್ಕೊಮ್ಮೆ ಬರುವ ಆ ಸಂತೋಷ ಇವರಿಗೆ ವಾರಕ್ಕೊಮ್ಮೆ.

ಬೆಟ್ಟ ಬೇಡವೆಂದ ದಿನ ಊರೊಳಗಿನ ಚೊಂಗ್‌ಗ್ಯೆ ಎಂಬ ಹಳ್ಳದ ದಂಡೆ ಇದ್ದೇ ಇದೆ. ಒಂದು ಕಾಲದಲ್ಲಿ ಇದನ್ನು ಕಾಂಕ್ರೀಟಿನಿಂದ ಮುಚ್ಚಿ, ಮೇಲೆ ರಸ್ತೆ, ಅದರ ಮೇಲೊಂದು ಮೇಲ್ಸೇತುವೆ ಕಟ್ಟಿದ್ದರು. 2003ರಲ್ಲಿ ಒಡೆಯಲು ಆರಂಭಿಸಿ 2005ರಲ್ಲಿ ಹಳ್ಳವನ್ನು ಮತ್ತೆ ಹೊರಗೆ ತಂದರು. ಈಗ ಸುಮಾರು ಆರು ಕಿ.ಮೀ. ಉದ್ದಕ್ಕೂ ತಿಳಿನೀರು. ಮಕ್ಕಳು ಕಾಲು ಇಳಿಬಿಟ್ಟು ಕುಳಿತಿರುತ್ತಾರೆ. ಹತ್ತಿರದಲ್ಲೇ 1395ರಲ್ಲಿ ಕಟ್ಟಿದ ಗ್ಯೊಂಗ್‌ಬೊಕ್ ಅರಮನೆ. ಕೊರಿಯಾದ ಸಾಂಪ್ರದಾಯಿಕ ಉಡುಪು ‘ಹಾನ್‌ಬೊಕ್’ ಧರಿಸಿ ಬಂದವರಿಗೆ ಒಳಗೆ ಹೋಗಲು ಟಿಕೆಟ್ಟು ಬೇಕಿಲ್ಲ. ಹೀಗಾಗಿ ಅಂಗಳದ ತುಂಬ ರೇಷ್ಮೆಯ ಲಂಗ ಸರಭರ ಎನ್ನಿಸುವ ಹುಡುಗಿಯರು. ಸಂಪ್ರದಾಯ ಉಳಿಸಿ ಎಂದು ಭಾಷಣ ಮಾಡುವುದಕ್ಕಿಂತ ಇದು ಸುಲಭದ ಉಪಾಯ!

ಅಂದೋಲಾದವನಿಗೆ ಒಂದೋಲ್

ಇಲ್ಲಿನ ಜನವರಿ ನಮ್ಮ ಮೇ ತಿಂಗಳಿಗೆ ತದ್ವಿರುದ್ಧ. ಉಷ್ಣಾಂಶ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ. ಆದರೆ ಮನೆಯೊಳಗೆ ಕಾಲಿಟ್ಟರೆ ನೆಲವೇ ಬೆಚ್ಚಗಿರುತ್ತದೆ. ಈ ವ್ಯವಸ್ಥೆಯ ಹೆಸರು ‘ಒಂದೋಲ್’. ಹಿಂದೆ ಅಡುಗೆ ಒಲೆಯ ಬಿಸಿ ಹೊಗೆಯನ್ನು ನೆಲದಡಿಯ ಕಾಲುವೆಗಳಲ್ಲಿ ಹಾಯಿಸಿ ಇನ್ನೊಂದು ಬದಿಯ ಚಿಮಣಿಯಿಂದ ಹೊರಗೆ ಬಿಡುತ್ತಿದ್ದರು. ಒಂದೇ ಬೆಂಕಿಯಿಂದ ಅನ್ನವೂ ಬೇಯಿತು, ಮನೆಯೂ ಬೆಚ್ಚಗಾಯಿತು. ಈಗ ಹೊಗೆಯ ಬದಲು ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತದೆ. ಅಂದೋಲಾದಿಂದ ಬಂದವನು ಒಂದೋಲ್ ಮೇಲೆ ಮಲಗುತ್ತಾನೆ ಎಂದು ಗೆಳೆಯರಿಗೆ ಹೇಳಿದಾಗ ನಕ್ಕೂ ನಕ್ಕೂ ಸುಸ್ತಾದರು.

ಈ ಬಿಸಿ ನೆಲದ ಪೂರ್ಣ ಸುಖ ಸಿಗುವುದು ‘ಜಿಮ್‌ಜಿಲ್‌ಬಾಂಗ್’ ಎಂಬ ಸಾರ್ವಜನಿಕ ಸ್ನಾನಗೃಹಗಳಲ್ಲಿ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಸ್ನಾನದ ಮನೆ. ಅಲ್ಲಿ ಮೈಮೇಲೆ ನೂಲೆಳೆಯೂ ಇರಕೂಡದೆಂಬ ನಿಯಮ ಕೇಳಿ ನಾನು ಬಾಗಿಲಲ್ಲೇ ಅರ್ಧ ಗಂಟೆ ನಿಂತಿದ್ದೆ. ಒಳಗೆ ಹೋದ ಮೇಲೆ ತಿಳಿಯಿತು, ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಮಗ ಅಪ್ಪನ ಬೆನ್ನು ಉಜ್ಜುತ್ತಾನೆ, ಮೊಮ್ಮಗ ಅಜ್ಜನದು. ಸ್ನಾನ ಮುಗಿಸಿ, ಅವರು ಕೊಟ್ಟ ಅಂಗಿ ಚಡ್ಡಿ ತೊಟ್ಟು ಹೊರಗೆ ಬಂದರೆ ದೊಡ್ಡ ಹಜಾರ. ಇಡೀ ಕುಟುಂಬ ಅಲ್ಲಿ ಸೇರಿ ಬೆಚ್ಚಗಿನ ನೆಲದ ಮೇಲೆ ಉರುಳಾಡುತ್ತದೆ. ಹಲವು ಕಡೆ ರಾತ್ರಿಯಿಡೀ ತೆರೆದಿರುತ್ತವೆ. ಲಾಡ್ಜಿಗೆ ದುಡ್ಡಿಲ್ಲದ ವಿದ್ಯಾರ್ಥಿ ಪ್ರವಾಸಿಗಳಿಗೆ ಇವೇ ಧರ್ಮಶಾಲೆ.

ಅವ್ವನ ಪ್ರಶ್ನೆ

ಶಾಕಾಹಾರಿಗಳಿಗೆ ಕೊರಿಯಾ ಸುಲಭದ ದೇಶವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಊಟಕ್ಕೊಮ್ಮೆ ತಪ್ಪದೆ ಬರುವ ಕಿಮ್ಚಿ ನೋಡಲು ಎಲೆಕೋಸಿನ ಉಪ್ಪಿನಕಾಯಿ. ಆದರೆ ಸಾಮಾನ್ಯವಾಗಿ ಅದಕ್ಕೆ ಸಿಗಡಿ ಅಥವಾ ಮೀನಿನ ರಸ ಬೆರೆಸಿರುತ್ತಾರೆ. ತರಕಾರಿ ಸಾರಿನಂತೆ ಕಾಣುವುದರ ತಳದಲ್ಲೂ ಒಣಮೀನು ಕುದಿದಿರುತ್ತದೆ. ಅನ್ನದ ಮೇಲೆ ಬಗೆಬಗೆಯ ಪಲ್ಯ ಹರಡಿ ಕಲಸಿ ತಿನ್ನುವ ‘ಬಿಬಿಮ್‌ಬಾಪ್’ ಅನ್ನು ಮಾಂಸ, ಮೊಟ್ಟೆ ಬೇಡವೆಂದು ಹೇಳಿ ಮಾಡಿಸಿಕೊಳ್ಳಬಹುದು. ಸೋಲ್‌ನ ಇತೇವಾನ್ ಬಡಾವಣೆಯ ಅಂಗಡಿಗಳಲ್ಲಿ ಬೇಳೆ, ಮಸಾಲೆ ದೊರೆಯುತ್ತವೆ. ಅಡುಗೆ ಕಲಿತು ಬಂದವನು ಗೆದ್ದ. ಬಾರದವನು ಒಂದು ತಿಂಗಳಲ್ಲಿ ಕಲಿಯುತ್ತಾನೆ.

ನಿಜವಾದ ಶಾಕಾಹಾರ ಸಿಗುವುದು ಬೌದ್ಧ ವಿಹಾರಗಳಲ್ಲಿ. ಅಲ್ಲಿ ಮಾಂಸ ಮೀನಿಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿಯೂ ಇಲ್ಲ. 2002ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ವಿದೇಶೀಯರಿಗಾಗಿ ವಿಹಾರಗಳು ವಾಸ್ತವ್ಯದ ಏರ್ಪಾಡು ಆರಂಭಿಸಿದವು. ಅದು ಈಗಲೂ ಇದೆ. ಭಿಕ್ಷುಗಳು ಉಂಡ ಮೇಲೆ ಬಟ್ಟಲಿಗೆ ನೀರು ಹಾಕಿ, ಮೂಲಂಗಿಯ ತುಂಡಿನಿಂದ ಸವರಿ, ಆ ನೀರನ್ನು ಕುಡಿದುಬಿಡುತ್ತಾರೆ; ಒಂದು ಅಗುಳೂ ವ್ಯರ್ಥವಾಗಬಾರದು. ಪ್ರಸಾದ ಕೆಡಬಾರದೆಂದು ತಾಟು ತೊಳೆದು ಕುಡಿಯುವ ನಮ್ಮ ಕಡೆಯ ಹಿರಿಯರನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಅವ್ವನಿಗೆ ತುಂಬ ಖುಷಿ ಕೊಟ್ಟ ಸುದ್ದಿ ಇನ್ನೊಂದಿದೆ. ಕೊರಿಯಾದಲ್ಲೂ ಜೋಳವಿದೆ! ಅದನ್ನು ‘ಸುಸು’ ಎನ್ನುತ್ತಾರೆ. ಮಗು ಹುಟ್ಟಿ ನೂರು ದಿನವಾದಾಗ, ಮತ್ತು ಹತ್ತು ವರ್ಷದವರೆಗೆ ಪ್ರತಿ ಹುಟ್ಟುಹಬ್ಬಕ್ಕೆ ಜೋಳದ ಹಿಟ್ಟಿನ ಉಂಡೆ ಮಾಡಿ ಕೆಂಪು ಅಲಸಂದೆಯಂಥ ಕಾಳಿನ ಪುಡಿಯಲ್ಲಿ ಹೊರಳಿಸಿ ಹಂಚುವುದು ಹಳೆಯ ಪದ್ಧತಿ. ಕೆಂಪು ಬಣ್ಣ ಕಂಡರೆ ದುಷ್ಟಶಕ್ತಿ ಮಗುವಿನ ಹತ್ತಿರ ಸುಳಿಯುವುದಿಲ್ಲವೆಂಬ ನಂಬಿಕೆ. ಕೇಳಿ ಅವ್ವ ಹೇಳಿದ್ದು: ‘ಜ್ವಾಳ ತಿನ್ನೋ ಮಂದಿ ಅಂದಮ್ಯಾಲ ಛಲೋ ಮಂದೀನೇ ಇರಬೇಕು ಬಿಡು.’

‘ಅಪ್ಪಾ’ ಎಂದು ಕೂಗಿದರೆ

ಒಮ್ಮೆ ರೈಲಿನಲ್ಲಿ ಹಿಂದಿನಿಂದ ಮಗುವೊಂದು ‘ಅಪ್ಪಾ!’ ಎಂದು ಕೂಗಿತು. ತಿರುಗಿ ನೋಡಿದೆ, ಕೊರಿಯಾದ ಮಗು. ಇವರ ಭಾಷೆಯಲ್ಲೂ ತಂದೆ ‘ಅಪ್ಪಾ’, ತಾಯಿ ‘ಒಮ್ಮಾ’. ‘ನಾ’ ಎಂದರೆ ನಾನು, ‘ನೀ’ ಎಂದರೆ ನೀನು. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದೂ ನಮ್ಮಂತೆಯೇ. ಇದನ್ನು ನೋಡಿ ಎರಡೂ ಭಾಷೆಗಳಿಗೆ ನಂಟಿದೆ ಎಂದು ವಾದಿಸಿದವರುಂಟು. ಭಾಷಾ ವಿದ್ವಾಂಸರು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ನಂಟಿರಲಿ ಬಿಡಲಿ, ಕನ್ನಡದಲ್ಲಿ ಯೋಚಿಸಿ ಕೊರಿಯನ್‌ನಲ್ಲಿ ಮಾತಾಡುವುದು ಇಂಗ್ಲಿಷಿನಲ್ಲಿ ಯೋಚಿಸಿ ಮಾತಾಡುವುದಕ್ಕಿಂತ ಸಲೀಸು.

ಇವರ ಲಿಪಿ ‘ಹಾಂಗುಲ್’. ಸೇಜೊಂಗ್ ಎಂಬ ಅರಸ ಸಾಮಾನ್ಯ ಜನರೂ ಓದು ಬರಹ ಕಲಿಯಲೆಂದು 1443ರಲ್ಲಿ ರೂಪಿಸಿ 1446ರಲ್ಲಿ ಜಾರಿಗೆ ತಂದ ಲಿಪಿಯಿದು. ಈಗ ಬಳಕೆಯಲ್ಲಿರುವ ಮೂಲಾಕ್ಷರಗಳು 24. ಅಕ್ಟೋಬರ್ 9 ಲಿಪಿಯ ಹೆಸರಿನಲ್ಲಿ ರಾಷ್ಟ್ರೀಯ ರಜೆ. ನಿಲ್ದಾಣಗಳ ಫಲಕ ಓದುತ್ತ ಓದುತ್ತ ನಾನು ಅಕ್ಷರ ಕಲಿತೆ. ಸಂತೆಯಲ್ಲಿ ಚೌಕಾಸಿ ಮಾಡುತ್ತ ಮಾತು ಕಲಿತೆ. ಕೋಣೆಯಲ್ಲೇ ಕುಳಿತಿದ್ದರೆ ಇವೆರಡೂ ಆಗುತ್ತಿರಲಿಲ್ಲ.

ಮರದ ಹಲಗೆಯ ಮೇಲೆ ತ್ರಿಪಿಟಕ

ಭಾಷೆ ಬಂದ ಮೇಲೆ ದೂರದ ಊರುಗಳ ಧೈರ್ಯ ಬಂತು. 2004ರಲ್ಲಿ ಓಡಲಾರಂಭಿಸಿದ ವೇಗದ ರೈಲು ಗಂಟೆಗೆ 300 ಕಿ.ಮೀ. ವೇಗದಲ್ಲಿ ಸೋಲ್‌ನಿಂದ ಬುಸಾನ್ ಬಂದರಿಗೆ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಮುಟ್ಟಿಸುತ್ತದೆ. ನಿಧಾನದ ರೈಲು ಐದು ಗಂಟೆಗೂ ಮಿಕ್ಕಿ ತೆಗೆದುಕೊಳ್ಳುತ್ತದೆ, ಟಿಕೆಟ್ಟು ಸುಮಾರು ಅರ್ಧ ಬೆಲೆ. ವಿದ್ಯಾರ್ಥಿಗೆ ನಿಧಾನದ್ದೇ ಸರಿ; ಕಿಟಕಿಯಿಂದ ಕಾಣುವುದೂ ಹೆಚ್ಚು.

ಹಾಗೆ ಒಂದು ಅಕ್ಟೋಬರಿನಲ್ಲಿ, ಮರಗಳೆಲ್ಲ ಕೆಂಪಾದ ಹೊತ್ತಿಗೆ, ತೇಗು ನಗರಕ್ಕೆ ಹೋಗಿ ಅಲ್ಲಿಂದ ಬಸ್ಸಿನಲ್ಲಿ ಹೇಇನ್‌ಸಾ ಎಂಬ ವಿಹಾರಕ್ಕೆ ಹೋದೆ. 13ನೆಯ ಶತಮಾನದಲ್ಲಿ ಮಂಗೋಲರು ದಂಡೆತ್ತಿ ಬಂದಾಗ ಬುದ್ಧನ ಕೃಪೆಯಿಂದ ನಾಡು ಉಳಿಯಲೆಂದು ಕೊರಿಯಾದವರು ಇಡೀ ತ್ರಿಪಿಟಕವನ್ನು ಮರದ ಹಲಗೆಗಳ ಮೇಲೆ ಕೆತ್ತಿದರು. ಅಂಥ 81,258 ಹಲಗೆಗಳು ಇಲ್ಲಿವೆ. ಜಾಳಿಗೆಯ ಸಂದಿನಿಂದ ಇಣುಕಿದರೆ ಸಾಲು ಸಾಲು ಕಪಾಟುಗಳಲ್ಲಿ ನಿಂತ ಪುಸ್ತಕಗಳಂತೆ ಕಾಣುತ್ತವೆ. ಏಳುನೂರೈವತ್ತು ವರ್ಷ ಕಳೆದರೂ ಗೆದ್ದಲು, ಬೂಸಲು ಅವನ್ನು ತಿಂದಿಲ್ಲ. ಕಾರಣ ಆ ಕಟ್ಟಡ. ಕೆಳಗಿನ ಕಿಟಕಿ, ಮೇಲಿನ ಕಿಟಕಿಗಳ ಅಳತೆ ಬೇರೆ ಬೇರೆ. ಗಾಳಿ ಒಂದು ಕಡೆಯಿಂದ ಬಂದು ಸುತ್ತಾಡಿ ಇನ್ನೊಂದು ಕಡೆ ಹೋಗುತ್ತದೆ. ನೆಲಕ್ಕೆ ಇದ್ದಿಲು, ಸುಣ್ಣ, ಉಪ್ಪು ಸೇರಿಸಿದ ಮಣ್ಣು. ಅದು ತೇವ ಹೆಚ್ಚಾದಾಗ ಹೀರಿ, ಕಡಿಮೆಯಾದಾಗ ಬಿಡುತ್ತದೆ. 1970ರ ದಶಕದಲ್ಲಿ ಆಧುನಿಕ ಕಾಂಕ್ರೀಟ್ ಕಟ್ಟಡ ಕಟ್ಟಿ ಪ್ರಯೋಗಕ್ಕೆಂದು ಕೆಲವು ಹಲಗೆಗಳನ್ನು ಇಟ್ಟು ನೋಡಿದರು. ಅವು ಕೆಡತೊಡಗಿದವು. ಮರಳಿ ಹಳೆಯ ಮನೆಗೇ ತಂದರು. 1995ರಲ್ಲಿ ಯುನೆಸ್ಕೊ ಈ ಕಟ್ಟಡವನ್ನು ವಿಶ್ವ ಪರಂಪರೆ ಎಂದು ಘೋಷಿಸಿತು.

1951ರಲ್ಲಿ ಯುದ್ಧ ನಡೆಯುತ್ತಿದ್ದಾಗ ಶತ್ರು ಸೈನಿಕರು ಈ ಬೆಟ್ಟದಲ್ಲಿ ಅಡಗಿದ್ದಾರೆಂದು ಬಾಂಬ್ ಹಾಕಲು ಆಜ್ಞೆಯಾಯಿತು. ವಿಮಾನಗಳ ತಂಡದ ನಾಯಕ ಕಿಮ್ ಯಂಗ್‌ಹ್ವಾನ್ ವಿಹಾರವನ್ನು ಕಂಡು ಬಾಂಬ್ ಹಾಕದೆ ತಂಡವನ್ನು ಹಿಂದಕ್ಕೆ ತಿರುಗಿಸಿದ. ಆತನ ನೆನಪಿಗೆ ಅಲ್ಲೊಂದು ಕಲ್ಲು ನಿಲ್ಲಿಸಿದ್ದಾರೆ.

ಗಡಿಯಲ್ಲಿ ಕೊಡಗಿನ ಜನರಲ್

ಸೋಲ್‌ನಿಂದ ಉತ್ತರಕ್ಕೆ ಒಂದು ಗಂಟೆ ಬಸ್ಸಿನಲ್ಲಿ ಹೋದರೆ ಎರಡು ಕೊರಿಯಾಗಳ ಗಡಿ. 248 ಕಿ.ಮೀ. ಉದ್ದ, 4 ಕಿ.ಮೀ. ಅಗಲದ ಆ ಪಟ್ಟಿಯಲ್ಲಿ ಸೈನ್ಯಕ್ಕೆ ಪ್ರವೇಶವಿಲ್ಲ ಎನ್ನುತ್ತಾರೆ, ಎರಡೂ ಬದಿಗೆ ಮಾತ್ರ ಸೈನ್ಯವೇ ಸೈನ್ಯ. 1953ರ ಜುಲೈ 27ರಂದು ಕದನವಿರಾಮವಾಯಿತು. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಇಮ್ಜಿನ್‌ಗಾಕ್ ಎಂಬಲ್ಲಿ ಗುಂಡುಗಳಿಂದ ಜಲ್ಲಡಿಯಾದ ರೈಲು ಇಂಜಿನ್ ಇದೆ. ಬೇಲಿಯ ತುಂಬ ಬಣ್ಣದ ಪಟ್ಟಿಗಳು. ಆಚೆ ಉಳಿದ ಬಂಧುಗಳಿಗಾಗಿ ಈಚಿನವರು ಕಟ್ಟಿದ ಹರಕೆ.

ಕನ್ನಡಿಗರು ಇಲ್ಲಿ ನೆನೆಯಬೇಕಾದ ಹೆಸರೊಂದಿದೆ. ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧ ಕೈದಿಗಳ ಭವಿಷ್ಯ ನಿರ್ಧರಿಸಲು ಆಗ ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷತೆ ಭಾರತಕ್ಕೆ ಬಂತು. ಆ ಕುರ್ಚಿಯಲ್ಲಿ ಕುಳಿತವರು ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ. ಭಾರತೀಯ ಸೈನಿಕರು ತಮ್ಮ ನೆಲ ಮೆಟ್ಟಕೂಡದೆಂದು ದಕ್ಷಿಣ ಕೊರಿಯಾದ ಅಂದಿನ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದಾಗ, ನಮ್ಮವರನ್ನು ಹೆಲಿಕಾಪ್ಟರುಗಳಲ್ಲಿ ಗಡಿಪಟ್ಟಿಗೆ ಇಳಿಸಬೇಕಾಯಿತು. ತಮ್ಮ ಶಿಬಿರಕ್ಕೆ ಅವರಿಟ್ಟ ಹೆಸರು ‘ಹಿಂದ್ ನಗರ’. ಎರಡೂ ಕಡೆಯವರಿಂದ ಬೈಸಿಕೊಳ್ಳುತ್ತ ಆ ಕೆಲಸವನ್ನು ಅವರು 1954ರ ಆರಂಭದಲ್ಲಿ ಮುಗಿಸಿದರು. ಒಂದು ಕಾಲಕ್ಕೆ ನಮ್ಮನ್ನು ಒಳಗೆ ಬಿಡದ ದೇಶದಲ್ಲಿ ಇಂದು ನಮ್ಮ ಮಕ್ಕಳು ವಿದ್ಯಾರ್ಥಿವೇತನ ಪಡೆದು ಓದುತ್ತಿದ್ದಾರೆ. ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಕೊಡಗಿಗೆ ಹೋಗುವವರು ನೋಡಿ ಬರಬಹುದು.

ಇಲ್ಲಿನ ಮಕ್ಕಳ ಪಾಡು

ಇಷ್ಟು ಓದಿ ಕೊರಿಯಾದ ಮಕ್ಕಳೆಲ್ಲ ಆಡಿಕೊಂಡಿರುತ್ತಾರೆ ಎಂದುಕೊಳ್ಳಬೇಡಿ. ಶಾಲೆ ಮುಗಿಸಿ ‘ಹಾಗ್‌ವಾನ್’ ಎಂಬ ಟ್ಯೂಷನ್ ಕೇಂದ್ರಗಳಿಗೆ ಹೋದ ಮಕ್ಕಳು ಮನೆ ಸೇರುವುದು ರಾತ್ರಿಗೇ. ಅವು ಹತ್ತು ಗಂಟೆಯ ಮೇಲೆ ನಡೆಯಬಾರದೆಂದು ಸೋಲ್‌ನಲ್ಲಿ ನಿಯಮವನ್ನೇ ಮಾಡಬೇಕಾಯಿತು. ನವೆಂಬರಿನ ಒಂದು ಗುರುವಾರ ಕಾಲೇಜು ಪ್ರವೇಶ ಪರೀಕ್ಷೆ. ಅಂದು ರಸ್ತೆಯಲ್ಲಿ ದಟ್ಟಣೆಯಾಗದಂತೆ ಕಚೇರಿಗಳು ತಡವಾಗಿ ತೆರೆಯುತ್ತವೆ. ತಡವಾದ ಮಕ್ಕಳನ್ನು ಪೊಲೀಸರು ಮೋಟಾರ್ ಸೈಕಲ್ಲಿನಲ್ಲಿ ಕೂರಿಸಿಕೊಂಡು ಓಡುತ್ತಾರೆ. ಇಂಗ್ಲಿಷ್ ಆಲಿಸುವ ಪರೀಕ್ಷೆಯ ಹೊತ್ತಿನಲ್ಲಿ ವಿಮಾನಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ದೇಶವೇ ಉಸಿರು ಬಿಗಿಹಿಡಿದಂತೆ. ಇದರ ಬೆಲೆಯನ್ನು ಮಕ್ಕಳು ತೆರುತ್ತಿದ್ದಾರೆಂದು ಇಲ್ಲಿಯವರೇ ಮರುಗುತ್ತಾರೆ. ಬೆಟ್ಟದ ಹಾದಿಯಲ್ಲಿ ಹದಿವಯಸ್ಸಿನವರು ಕಾಣುವುದು ಕಡಿಮೆ. ಮೆಚ್ಚಿ ತರಬೇಕಾದದ್ದು ಇವರ ಬೆಟ್ಟ. ಹಾಗ್‌ವಾನ್ ನಮ್ಮಲ್ಲಿ ಆಗಲೇ ಬಂದು ಕುಳಿತಿದೆ.

ಬರುವವರಿಗೆ ನಾಲ್ಕು ಮಾತು

ಕೊರಿಯಾ ಸರಕಾರ ‘ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್’ ಎಂಬ ವಿದ್ಯಾರ್ಥಿವೇತನ ಕೊಡುತ್ತದೆ. ವಿಮಾನದ ಖರ್ಚು, ಶುಲ್ಕ, ತಿಂಗಳ ಭತ್ಯೆ ಮತ್ತು ಭಾಷಾ ತರಬೇತಿ ಅದರಲ್ಲಿ ಸೇರಿವೆ. ಬರುವ ಮೊದಲು ಹಾಂಗುಲ್ ಅಕ್ಷರ ಕಲಿತಿರಿ. ಒಂದು ವಾರ ಸಾಕು. ದಪ್ಪ ಉಣ್ಣೆಯ ಕೋಟನ್ನು ಇಲ್ಲಿಯೇ ಕೊಳ್ಳಿ. ಶೇಂಗಾ ಹಿಂಡಿ ಮಾತ್ರ ಊರಿನಿಂದಲೇ ತನ್ನಿ. ರಜೆಯ ದಿನ ಕೋಣೆಯ ಬಾಗಿಲು ಹಾಕಿಕೊಂಡು ಕೂರಬೇಡಿ. ಪರದೇಶದಲ್ಲಿ ಹುಡುಗರು ಸೋಲುವುದು ಪಾಠದ ಕಷ್ಟಕ್ಕಿಂತ ಹೆಚ್ಚಾಗಿ ಒಂಟಿತನಕ್ಕೆ. ವಾರಕ್ಕೊಂದು ದಿನ ಕಾಲು ಸವೆಸಿದವರಿಗೆ ಆರು ದಿನ ಓದುವ ಶಕ್ತಿ ತಾನಾಗಿ ಬರುತ್ತದೆ. ಅಪ್ಪನ ಪ್ರಶ್ನೆಗೆ ನನ್ನ ಅಂಕಪಟ್ಟಿಯೇ ಉತ್ತರ ಹೇಳಿತು.

ಈ ಕಲಿಕೆಗೆ ವಿಮಾನವನ್ನೇ ಹತ್ತಬೇಕೆಂದೇನೂ ಇಲ್ಲ. ಹೇಇನ್‌ಸಾದ ಹಲಗೆಗಳಲ್ಲಿರುವ ಧರ್ಮ ಕೊರಿಯಾಕ್ಕೆ ಬಂದದ್ದು ಕ್ರಿ.ಶ. 372ರಲ್ಲಿ. ಅದಕ್ಕೂ ಶತಮಾನಗಳ ಮೊದಲೇ ನಮ್ಮ ಭೀಮಾ ತೀರದ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, ಮಹಾಸ್ತೂಪವೊಂದು ಎದ್ದು ನಿಂತಿತ್ತು. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದಾಗ, 1986ರಲ್ಲಿ, ಅಶೋಕನ ಶಾಸನದ ಕಲ್ಲು ಬೆಳಕಿಗೆ ಬಂತು. 1990ರ ದಶಕದ ಉತ್ಖನನದಲ್ಲಿ ಕನಗನಹಳ್ಳಿಯಲ್ಲಿ ರಾಣಿಯೊಂದಿಗಿರುವ ಅರಸನ ಶಿಲ್ಪ ಸಿಕ್ಕಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೊ ಅಶೋಕೊ’ ಎಂದು ಹೆಸರನ್ನೇ ಕೆತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಪುರಾತತ್ವ ಇಲಾಖೆ ಸ್ತೂಪವನ್ನು ಮತ್ತೆ ಕಟ್ಟಿ ನಿಲ್ಲಿಸುವ ಕೆಲಸ ಕೈಗೆತ್ತಿಕೊಂಡಿತು. ಜೇವರ್ಗಿ, ಚಿತ್ತಾಪುರ, ಶಹಾಪುರದ ಶಾಲೆಗಳಿಂದ ಬುತ್ತಿ ಕಟ್ಟಿಕೊಂಡು ಒಂದೇ ದಿನದಲ್ಲಿ ಹೋಗಿ ಬರಬಹುದಾದ ದೂರ. ಪರೀಕ್ಷೆ ಮುಗಿದ ಮೊದಲ ರವಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ರೊಟ್ಟಿ ನಾಲ್ಕು ಹೆಚ್ಚಿಗೆ ಕಟ್ಟಿಕೊಳ್ಳಿ, ಅಲ್ಲಿ ಸಿಕ್ಕವರಿಗೂ ಕೊಡಲು ಬರುತ್ತದೆ.